ದಿನಾ ಒಂದ್ ವಿಷಯ ಕೊಟ್ರೂ ಮಕ್ಕಳು ಯಾಕ ಬರಿಯೂದಿಲ್ಲ?

ಪ್ರಶ್ನೆ: ಸರ್, ನಾನು ಬೀಳಗಿ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ಟೀಚರ್. ನಾಲ್ಕು-ಐದನೇ ಕ್ಲಾಸ್ ಸೇರಿ 26 ಮಕ್ಕಳು. ಜೂನ್‌ದಿಂದ ದಿನಾ ಬೆಳಿಗ್ಗೆ ಬೋರ್ಡ್ ಮೇಲೆ ಒಂದು ವಿಷಯ ಬರೆದು ಐದು ಸಾಲು ಬರೀರಿ ಅಂತೀನಿ. ನನ್ನ ಶಾಲೆ, ನೀರಿನ ಮಹತ್ವ, ಪರಿಸರ, ನನ್ನ ಗುರಿ, ಹಿಂಗೆ. ಮೊದಲ ವಾರ ಖುಷಿಯಿಂದ ಬರೆದ್ರು, ಈಗ ಒಬ್ರು ಬರೆದದ್ದನ್ನೇ ಎಲ್ಲರೂ ನೋಡಿ ಬರೀತಾರೆ. ನಾಲ್ಕು ಮಕ್ಕಳಿಗೆ ಹೆಸರು ಬಿಟ್ರೆ ಬರೆಯೋಕೇ ಬರಲ್ಲ. ತಾಂಡಾದ ಒಬ್ಬ ಹುಡುಗಿ ಪೆನ್ಸಿಲ್ಲೇ ಹಿಡಿಯಲ್ಲ. ತಪ್ಪು ತಿದ್ದಿ ತಿದ್ದಿ ಸಾಕಾಗಿದೆ, ತಿದ್ದದಿದ್ರೆ ಪಾಲಕರು ಕೇಳ್ತಾರೆ. ಇದನ್ನ ಬಿಟ್ಟು ಸಿಲೆಬಸ್ ಮುಗಿಸೋದೇ ಒಳ್ಳೇದಾ?

ಉತ್ತರ: ಅಕ್ಕೋರ, ನಮಸ್ಕಾರ್ರಿ. ಬಿಡಬ್ಯಾಡ್ರಿ. ನಾನೂ ಬಾಗಲಕೋಟಿ ಜಿಲ್ಲಾದಾಗ ಮಾಸ್ತರಕಿ ಮಾಡಿ, ಆಮ್ಯಾಲ ಸಿಆರ್‌ಪಿ (ಸುತ್ತಲಿನ ಸಾಲಿಗಳ ಮಾಸ್ತರರಿಗೆ ನೆರವಾಗೋ ಸಂಪನ್ಮೂಲ ವ್ಯಕ್ತಿ) ಆಗಿ ಸಾಲಿಯಿಂದ ಸಾಲಿಗೆ ತಿರುಗಿದಾಂವ, ನೀವು ಹೇಳಿದ್ದನ್ನ ಒಂದಲ್ಲ ಹತ್ತು ಸಾಲ್ಯಾಗ ಕಣ್ಣಾರೆ ಕಂಡೀನಿ, ಮೊದಲ ವಾರ ಹುರುಪು, ಎರಡನೇ ವಾರ ಆಕಳಿಕೆ, ಮೂರನೇ ವಾರ ಕಾಪಿ. ಮಕ್ಕಳು ಮೈಗಳ್ಳರಾಗಿ ಹಿಂಗ ಆಗೂದಲ್ರಿ. ನಾವು ಕೊಡೋ ವಿಷಯ ಹಂಗಿರ್ತಾವ, ಅವರು ಬರೆದದ್ದನ್ನ ನಾವು ಓದೋ ರೀತಿ ಹಂಗಿರ್ತೈತಿ. ಇವೆರಡು ಬದಲಾದ್ರ ಉಳಿದದ್ದು ಬಾಳಷ್ಟು ತಾನ ಸರಿಹೋಗ್ತೈತಿ.

ಮೊದಲ ವಿಷಯದ ಮಾತು. "ನೀರಿನ ಮಹತ್ವ" ಅಂತ ಬೋರ್ಡ್ ಮ್ಯಾಲ ಬರದ್ರಿ ಅಂತ ಇಟಗೋರಿ. ಹತ್ತು ವರ್ಷದ ಕೂಸು ಏನ್ ಮಾಡ್ತೈತಿ? ನೀರು ಜೀವಜಲ, ನೀರಿಲ್ಲದೆ ಬದುಕಿಲ್ಲ, ನೀರನ್ನು ಮಿತವಾಗಿ ಬಳಸಬೇಕು. ಮುಗೀತು. ಇದು ಪಾಠದಾಗ ಐತಿ, ಗೋಡಿ ಮ್ಯಾಲ ಐತಿ, ನಿಮಗೂ ಗೊತ್ತೈತಿ, ನಿಮಗ ಗೊತ್ತೈತಿ ಅನ್ನೂದು ಕೂಸಿಗೂ ಗೊತ್ತೈತಿ. ಅಂದಮ್ಯಾಲ ಪಕ್ಕದಾಂವನ ನೋಟಬುಕ್ ನೋಡಿ ಬರಿಯೂದ್ರಾಗ ತಪ್ಪೇನೈತಿ ಹೇಳ್ರಿ, ಉತ್ತರ ಒಂದ ಇದ್ರ ಅದನ್ನ 26 ಮಂದಿ ಬ್ಯಾರೆ ಬ್ಯಾರೆ ಹೆಂಗ ಬರೀಬೇಕು? ಅದ ನೀರನ್ನ ಹಿಂಗ ಕೇಳಿ ನೋಡ್ರಿ: "ಇವತ್ತ ಮುಂಜಾನಿ ನಿಮ್ಮ ಮನಿಗೆ ನೀರು ಯಾರು ತಂದ್ರು, ಎಲ್ಲಿಂದ ತಂದ್ರು, ಎಷ್ಟು ಕೊಡ?" ಈಗ ಕಾಪಿ ಹೊಡಿಯಾಕ ಬರೂದಿಲ್ಲ, ಯಾಕಂದ್ರ ಒಬ್ಬರ ಮನ್ಯಾಗ ನಳ ಐತಿ, ಒಬ್ಬರ ಮನ್ಯಾಗ ಅಕ್ಕ ಬೋರಿಗೆ ಹೋಗ್ತಾಳ, ಒಬ್ಬರ ಮನ್ಯಾಗ ನಿನ್ನೆ ನೀರ ಬಂದಿಲ್ಲ, ಜಗಳ ಆಗೇತಿ. ಈ ಉತ್ತರ ನಿಮಗ ಗೊತ್ತಿಲ್ಲ. ಅಕ್ಕೋರಿಗೆ ಗೊತ್ತಿಲ್ಲದ್ದು ನನಗ ಗೊತ್ತೈತಿ ಅಂತ ಅನಿಸಿದ ಮಗಾ ಪೆನ್ಸಿಲ್ ತಾನ ತಗೋತೈತ್ರಿ.

ಹಿಂಗಾಗಿ ಬೋರ್ಡ್ ಮ್ಯಾಲ ಬರಿಯೂಕಿಂತ ಮೊದಲ ನಿಮ್ಮನ್ನ ನೀವ ಒಂದ ಮಾತು ಕೇಳಕೋರಿ: ಇದರ ಉತ್ತರ ನನಗ ಮೊದಲ ಗೊತ್ತೈತೇನು? ಗೊತ್ತಿದ್ರ ಅಳಿಸಿಬಿಡ್ರಿ. ವಿಷಯ ಸಣ್ಣದಿದ್ದಷ್ಟು ಬರಹ ದೊಡ್ಡದಾಗ್ತೈತಿ. "ನಾಗರ ಪಂಚಮಿ ಹಬ್ಬ" ಅಂತ ಕೊಟ್ರ ನಾಗಪ್ಪಗ ಹಾಲು ಎರೀತಾರ, ಉಂಡಿ ತಿಂತಾರ ಅಂತ ನಾಲ್ಕ ಸಾಲು ಬಂದು ನಿಂತಬಿಡ್ತೈತಿ. "ನಿಮ್ಮ ಜೋಕಾಲಿ ಹಗ್ಗ ಎಲ್ಲಿಂದ ಬಂತು, ಯಾ ಗಿಡಕ್ಕ ಕಟ್ಟಿದ್ರಿ, ನಿನ್ನ ಯಾರು ತೂಗಿದ್ರು" ಅಂತ ಕೇಳ್ರಿ, ಹಗ್ಗ ಎತ್ತಿನ ಗಾಡಿದು, ಕಾಕಾ ಬೈದಾನ, ಬೇವಿನ ಗಿಡದ ಟೊಂಗಿ ಲಟಕ್ ಅಂದೇತಿ, ಇವೆಲ್ಲಾ ಹೊರಗ ಬರ್ತಾವ. ಮಣ್ಣೆತ್ತಿನ ಅಮಾಸಿ ಮರುದಿನ "ನಿನ್ನ ಎತ್ತಿನ ಕೋಡು ಮುರದಾವೇನು, ಹೆಂಗ ಹಚ್ಚಿದಿ?" ಎಳ್ಳಮಾಸಿ ಆದಮ್ಯಾಲ "ಚರಗ ಚೆಲ್ಲಾಕ ಹೊಲಕ್ಕ ಹೋದಾಗ ಬುತ್ತ್ಯಾಗ ಏನಿತ್ತು, ಮೊದಲ ಖಾಲಿ ಆದದ್ದು ಯಾವುದು?" ಕಬ್ಬಿನ ಸೀಜನ್ ಶುರು ಆದ್ರ ಟ್ರ್ಯಾಕ್ಟರ್ ಹಿಂದ ಓಡಿ ಕಬ್ಬು ಜಗ್ಗಿದ ಕತಿ ಪ್ರತಿಯೊಬ್ಬ ಹುಡುಗನ ಹತ್ರ ಇರ್ತೈತಿ, ಅದು ಅಪಾಯದ ಕೆಲಸ, ಬ್ಯಾಡಂತ ನೀವು ಆಮ್ಯಾಲ ಹೇಳ್ರಿ, ಮೊದಲ ಬರಸ್ರಿ.

ವಸ್ತು ತಂದು ಇಟ್ಟರಂತೂ ಇನ್ನೂ ಚಲೋ. ನೇಕಾರರ ಊರಿನ ಒಂದು ಸಾಲ್ಯಾಗ ನಾನು ನೋಡಿದ್ದು ಹೇಳ್ತೀನಿ. ಟೀಚರ್ ಟೇಬಲ್ ಮ್ಯಾಲ ಮಗ್ಗದಾಗ ಅಡ್ಡ ನೂಲು ಒಯ್ಯೋ ಒಂದು ಲಾಳಿ ಇಟ್ಟಿದ್ರು, ಸವದು ನುಣ್ಣಗಾದ ಕಟಗಿ ಲಾಳಿ, ಒಳಗ ಅರ್ಧ ನೂಲು ಉಳಿದ ಕಂಡಕಿ, ಅಂದ್ರ ನೂಲು ಸುತ್ತೋ ಕೊಳವಿ. ದಿನಾ ಎರಡ ಸಾಲು ಬರಿಯೋ ಹುಡುಗಿ ಅವತ್ತ ಒಂದ್ ಪೇಜ್ ಮ್ಯಾಲ ಬರದಿತ್ತು. ಸಾಲಿ ಬಿಟ್ಟಮ್ಯಾಲ ತಾನು ಅಜ್ಜಿ ಕೂಡ ಕುಂತು ಕಂಡಕಿ ಸುತ್ತೂದು, ನೂಲು ಹರಿದ್ರ ಹೆಂಗ ಕೂಡಸೂದು ಅನ್ನೂದು, ಇಳಕಲ್ ಸೀರಿಗೆ ಮೈಯಿನ ಹಾಸಿಗೂ (ಉದ್ದ ನೂಲಿಗೂ) ಸೆರಗಿನ ಹಾಸಿಗೂ ಎಳಿಗೆ ಎಳಿ ಕೂಡಿಸಿ ತೋಪು ತೆನಿ ಮಾಡುವಾಗ ಅಪ್ಪ ಯಾರ ಮಾತಿಗೂ ಓ ಅನ್ನೂದಿಲ್ಲ ಅನ್ನೂದು, ಎಲ್ಲಾ. ಆ ಕೂಸಿಗೆ "ನೇಕಾರ ವೃತ್ತಿ" ಅಂತ ಪ್ರಬಂಧ ಕೊಟ್ಟಿದ್ರ "ನೇಕಾರರು ಬಟ್ಟೆ ನೇಯುತ್ತಾರೆ" ಅಂತ ಬರೀತಿತ್ತು, ಅಷ್ಟ.

ನಿಮ್ಮದು ಬೀಳಗಿ ಕಡೆ ಅಂದ್ರಿ. ಅಲ್ಲಿ ಬರಹಕ್ಕ ಇನ್ನೊಂದು ದೊಡ್ಡ ಗಣಿ ಐತ್ರಿ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಾಗ ಊರು, ಹೊಲ ಹೋಗಿ ಪುನರ್ವಸತಿ ಕೇಂದ್ರಕ್ಕ ಬಂದ ಮನಿತನ ನಿಮ್ಮ ಕ್ಲಾಸಿನಾಗ ಇದ್ದಿರಬೇಕು. ಶುಕ್ರವಾರ ಮಕ್ಕಳಿಗೆ ಒಂದ ಪ್ರಶ್ನಿ ಕೊಟ್ಟು ಕಳಸ್ರಿ: "ಊರು ಬಿಡುವಾಗ ಹಳೇ ಮನಿಯಿಂದ ಏನೇನ್ ತಂದ್ರಿ, ಏನು ತರಾಕ ಆಗ್ಲಿಲ್ಲ ಅಂತ ಅಜ್ಜಿನ್ನ ಅಥವಾ ಅಜ್ಜನ್ನ ಕೇಳಕೊಂಡು ಬಾ." ಬಾಗಲ ಚೌಕಟ್ಟು ತಂದ್ವಿ, ಒಳಕಲ್ಲು ಬಿಟ್ಟುಬಂದ್ವಿ, ಮನಿದೇವರ ಗುಡಿ ನೀರಾಗ ಐತಿ, ಬ್ಯಾಸಗ್ಯಾಗ ನೀರು ಇಳಿದಾಗ ಗೋಪುರ ಕಾಣ್ತೈತಿ, ಇಂಥಾವು ಬರ್ತಾವ. ಇಂಥಾ ಮಾತು ನಾ ಒಂದು ಕ್ಲಾಸಿನಾಗ ಕುಂತು ಕೇಳೀನಿ, ಐದನೇತ್ತಿ ಹುಡುಗ ಓದ್ತಿದ್ರ ಉಳಿದವರು ಮಿಸುಕಾಡದ ಕೇಳಾಕತ್ತಿದ್ರು. ನಿಮ್ಮ ಸಿಲೆಬಸ್ ಚಿಂತಿಗೂ ಇಲ್ಲೇ ಉತ್ತರ ಐತಿ ನೋಡ್ರಿ. ನೀರು, ವಲಸೆ, ಕುಟುಂಬ, ಕಸುಬು, ಇವೆಲ್ಲಾ ಪರಿಸರ ಅಧ್ಯಯನದಾಗ ಬರೋ ಪಾಠ. ಸಂತ್ಯಾಗ ಏನ್ ತಗೊಂಡ್ರಿ, ನೂರರ ನೋಟು ಕೊಟ್ಟಾಗ ವಾಪಸ್ ಎಷ್ಟ ಬಂತು ಅಂತ ಬರಿಸಿದ್ರ ಅರ್ಧ ಗಣಿತ ಆತು. ಬೆಳಿಗ್ಗೆ ಬರದದ್ದನ್ನ ಮಧ್ಯಾಹ್ನದ ಪಿರಿಯಡ್ಡಿಗೆ ಬಳಸಕೋರಿ, ಹೆಡ್ಮಾಸ್ತರಿಗೂ ಅದನ್ನ ತೋರಿಸ್ರಿ. 2021ರಾಗ ಶುರು ಆದ ನಿಪುಣ್ ಭಾರತ್ (ಸಣ್ಣ ಮಕ್ಕಳ ಓದು, ಬರಹ, ಲೆಕ್ಕ ಗಟ್ಟಿ ಮಾಡೋ ಕೇಂದ್ರ ಸರ್ಕಾರದ ಯೋಜನೆ) ಕೇಳೂದೂ ಮಗು ತಿಳಕೊಂಡು ಓದಬೇಕು, ತನ್ನ ಮಾತು ಬರೀಬೇಕು ಅಂತನ, ಅದರ ಗುರಿ ಮೂರನೇತ್ತಿ ತನಕದ ಮಕ್ಕಳ ಮ್ಯಾಲ ಇದ್ರೂ ನಿಮ್ಮ ಈ ಕೆಲಸ ಅದಕ್ಕ ಹೊಂದ್ತೈತಿ.

ಈಗ ತಪ್ಪು ತಿದ್ದೋ ವಿಚಾರ. ಇದರ ಬಗ್ಗೆ ನಾ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರ ಇಲ್ಲಿ ನಾ ಒಂದು ಹುಡುಗಗ ಅನ್ಯಾಯ ಮಾಡೀನಿ, ಅದು ಇವತ್ತಿಗೂ ಮನಸ್ಸಿನಾಗ ಐತಿ.

ನಾ ನಾಲ್ಕನೇತ್ತಿಗೆ ಕಲಸ್ತಿದ್ದೆ. ಒಬ್ಬ ಹುಡುಗ, ಯಾವಾಗ್ಲೂ ಹಿಂದ ಕುಂಡ್ರಾಂವ, ಒಂದಿನ ಓಡಿಬಂದು ನೋಟಬುಕ್ ಕೊಟ್ಟ. ಒಳಗ ಹಿಂಗ ಬರದಿದ್ದ: "ನಮ ಎಮಿ ಕರ ಹಾಕಿತಿ. ರಾತರಿ ಹಾಕಿತಿ. ಅಪ ಲಾಟನ ಹಿಡದಿದ ನಾ ಎದದೆ. ಕರ ಎದು ನಿತು ಬಿತು ನಿತು." ನಾ ಕೆಂಪು ಪೆನ್ನು ತಗೊಂಡೆ. ನಮ್ಮ, ಎಮ್ಮೆ, ರಾತ್ರಿ, ಅಪ್ಪ, ಹಿಡಿದಿದ್ದ, ಎದ್ದು, ನಿಂತು, ಬಿತ್ತು, ಒಂದೊಂದಕ್ಕೂ ಗೋಲ್ ಹಾಕಿ ಮ್ಯಾಲ ತಿದ್ದಿ, ಕೆಳಗ "ತಪ್ಪುಗಳನ್ನು ಐದು ಸಲ ಬರೆ" ಅಂತ ಬರದು ಕೊಟ್ಟೆ. ಅವ ಬರದ. ಮರುದಿನದಿಂದ ಅವನ ನೋಟಬುಕ್ಕಿನಾಗ ಏನ್ ಬರ್ತಿತ್ತು ಗೊತ್ತೇನ್ರಿ? "ಇದು ಮರ. ಮರ ಹಸಿರು. ಇದು ಮನೆ." ತನಗ ಖಾತ್ರಿ ಇದ್ದ ಶಬ್ದ ಅಷ್ಟ ಆರಿಸಿ ಬರ್ಯಾಕ ಶುರು ಮಾಡಿದ. ಲಾಟನ ಹೋತು, ರಾತ್ರಿ ಹೋತು, ಕರ ಎದ್ದು ನಿಂತು ಬಿದ್ದು ಮತ್ತ ನಿಂತದ್ದು ಹೋತು. ಒತ್ತಕ್ಷರ ಬರಬಾರದು ಅಂತ ಒತ್ತಕ್ಷರ ಇರೋ ಮಾತನ್ನ ಬಿಟ್ಟ. ಕನ್ನಡದಾಗ ಒತ್ತಕ್ಷರ ಬಿಟ್ರ ಏನ್ ಉಳಿತೈತಿ ಹೇಳ್ರಿ, ಅಪ್ಪ ಇಲ್ಲ, ಅವ್ವ ಇಲ್ಲ, ಅಕ್ಕ ಇಲ್ಲ, ರೊಟ್ಟಿ ಇಲ್ಲ.

ಆ ಬರಹನ್ನ ಈಗ ನೋಡಿದ್ರ ನನಗ ತಪ್ಪು ಕಾಣೂದಿಲ್ಲ, ಅವಗ ಏನೇನ್ ಬರ್ತಿತ್ತು ಅನ್ನೂದು ಕಾಣ್ತೈತಿ. ಗುಣಿತ ಬಾಳಷ್ಟು ಬರ್ತಿತ್ತು. ಶಬ್ದ ಬಿಡಿಸಿ ಬರಿಯಾಕ ಬರ್ತಿತ್ತು. ವಾಕ್ಯ ಎಲ್ಲಿ ನಿಲ್ಲಸಬೇಕು ಅಂತ ಬರ್ತಿತ್ತು. ಬರದ ಇದ್ದದ್ದು ಹೆಚ್ಚಾಗಿ ಒಂದ, ಒತ್ತಕ್ಷರ. ಮಕ್ಕಳ ಕಿವಿಗೆ "ಅಪ್ಪ" ಅನ್ನೂದ್ರಾಗ ಒಂದ "ಪ" ಕೇಳ್ತೈತಿ, ಸ್ವಲ್ಪ ಒತ್ತಿ ಹಿಡದದ್ದು. ಕೆಳಗ ಇನ್ನೊಂದ್ ಅಕ್ಷರ ಯಾಕ ತೂಗಹಾಕಬೇಕು ಅನ್ನೂದು ಅವರಿಗೆ ತಾನ ಹೊಳಿಯೂದಿಲ್ಲ, ಕಲಸಬೇಕು. ಅದನ್ನ ಕಲಸೂದು ಅವನ ಕರದ ಕತಿ ಮ್ಯಾಲ ಅಲ್ಲ. ಬ್ಯಾರೆ ಹೊತ್ತಿನ್ಯಾಗ, ಇಡೀ ಕ್ಲಾಸಿಗೆ. "ಬಳಿ-ಬಳ್ಳಿ", "ಹಳಿ-ಹಳ್ಳಿ", "ಕತೆ-ಕತ್ತೆ" ಅಂತ ಜೋಡಿ ಮಾಡಿ ಬೋರ್ಡ್ ಮ್ಯಾಲ ಹಾಕಿ, ಅಕ್ಕ ಕೈಗೆ ಬಳ್ಳಿ ಹಾಕೊಂಡ್ಲು ಅಂತ ಓದಿ ತೋರಿಸ್ರಿ, ನಗ್ತಾರ, ನಕ್ಕಿದ್ದು ಮರಿಯೂದಿಲ್ಲ. ಹತ್ತು ನಿಮಿಷ ಸಾಕು. ಆ ವಾರ ನೋಟಬುಕ್ ಓದುವಾಗ ಯಾವ ತಪ್ಪು ಹೆಚ್ಚು ಮಂದಿ ಮಾಡ್ಯಾರ ಅಂತ ನಿಮ್ಮ ಡೈರಿಯಾಗ ಗುರ್ತ ಹಾಕೋರಿ, ಮುಂದಿನ ವಾರದ ಉಕ್ತಲೇಖನಕ್ಕ ಅದ ಶಬ್ದ. ದಿನದ ನೋಟಬುಕ್ಕಿಗೆ ಕೆಂಪು ಪೆನ್ನು ಮುಟ್ಟಸಬ್ಯಾಡ್ರಿ.

ಇನ್ನೊಂದು, ಮನಿ ಮಾತನ್ನ ತಪ್ಪು ಅನಬ್ಯಾಡ್ರಿ. "ಅಪ್ಪ ಹೊಲಕ್ಕ ಹೋಗ್ಯಾನ" ಅಂತ ಬರದ್ರ ಅದು ತಪ್ಪಲ್ಲ, ಅದು ನಮ್ಮ ಕನ್ನಡ. ಪುಸ್ತಕದ "ಹೋಗಿದ್ದಾನೆ" ನಮ್ಮ ಮಕ್ಕಳಿಗೆ ಸಾಲಿಗೆ ಬಂದಮ್ಯಾಲ ಸಿಗೋ ಮಾತು, ಅದನ್ನೂ ಕಲಿಬೇಕು, ಕಲೀತಾರ, ಆದ್ರ ಬರ್ಯಾಕ ಧೈರ್ಯ ಬರೂದು ಮನಿ ಮಾತಿನ್ಯಾಗ. ಐದನೇ ಕ್ಲಾಸಿನ ತನಕ ಆದಷ್ಟು ಮನಿ ಭಾಷೆಯೊಳಗ ಕಲಸಬೇಕು ಅಂತ 2020ರ ಶಿಕ್ಷಣ ನೀತಿಯಾಗೂ ಐತಿ.

ಹಂಗಾರ ನೋಟಬುಕ್ಕಿನ್ಯಾಗ ನೀವು ಏನ್ ಬರೀಬೇಕು? "ಚೆನ್ನಾಗಿದೆ" ಅಂತ ಬ್ಯಾಡ, ಸ್ಟಾರೂ ಬ್ಯಾಡ. ಒಂದು ಪ್ರಶ್ನಿ ಬರೀರಿ, ಖರೇನ ನಿಮಗ ತಿಳಕೋಬೇಕು ಅನಿಸಿದ ಪ್ರಶ್ನಿ. ನಾ ಆ ಹುಡುಗಗ ವಾಪಸ್ ಬರವಣಿಗಿ ಹಚ್ಚಿದ್ದು ಹಿಂಗ, ಒಂದ ತಿಂಗಳ ಹಿಡೀತು. ಒಂದಿನ ಅವನ ನೋಟಬುಕ್ಕಿನ ಹಳೇ ಪೇಜಿಗೆ ಹೋಗಿ, ಕರದ ಕತಿ ಕೆಳಗ, ನೀಲಿ ಪೆನ್ನಿಲೆ ಬರದೆ: "ಕರಕ್ಕ ಏನ್ ಹೆಸರಿಟ್ರಿ? ಈಗ ಎಷ್ಟ ದೊಡ್ಡದಾಗೇತಿ?" ಮರುದಿನ ಬಂತು ಉತ್ತರ, ಎರಡ ಸಾಲು. ನಾ ಮತ್ತ ಕೇಳಿದೆ. ಅವ ಮತ್ತ ಬರದ. ಆಮ್ಯಾಲ ಬೋರ್ಡಿನ ವಿಷಯ ಅವಗ ಬೇಕ ಆಗ್ಲಿಲ್ಲ. ಬರಹಕ್ಕ ಓದಾವರು ಒಬ್ಬರು ಬೇಕ್ರಿ, ತಪ್ಪು ಹುಡುಕಾವರು ಬ್ಯಾರೆ, ಓದಾವರು ಬ್ಯಾರೆ, ಮಕ್ಕಳಿಗೆ ಈ ಫರಕು ಬಾಳ ಬೇಗ ತಿಳಿತೈತಿ.

26 ನೋಟಬುಕ್ ದಿನಾ ಓದಾಕ ಆಗೂದಿಲ್ಲ, ಓದಾಕ ಹೋಗಬ್ಯಾಡ್ರಿ. ದಿನಕ್ಕ ಆರೇಳು, ಸರತಿ ಪ್ರಕಾರ, ಸೋಮವಾರದಿಂದ ಗುರುವಾರದೊಳಗ ಎಲ್ಲರದು ಒಂದ ಸಲ ಆಗ್ತೈತಿ. ಬರಿಯೋ ಹೊತ್ತು ಪ್ರಾರ್ಥನೆ ಆದ ಕೂಡಲೆ, ದಿನಾ ಅದ ಹೊತ್ತು, ಹದಿನೈದು ನಿಮಿಷ. ಮೊದಲ ಮೂರು ನಿಮಿಷ ಮಾತಾಡಲಿ, ಪಕ್ಕದಾವರಿಗೆ ಬಾಯಿಲೆ ಹೇಳಲಿ, ಬಾಯಿಗೆ ಬರಲಾರದ್ದು ಕೈಗೆ ಬರೂದಿಲ್ಲ. ಆಮ್ಯಾಲ ಏಳೆಂಟು ನಿಮಿಷ ಸುಮ್ಮನ ಬರಿಯೂದು. ಆ ಹೊತ್ತಿನ್ಯಾಗ ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಮೊಬೈಲಿನ್ಯಾಗ ಎಂಟ್ರಿ, ಏನೂ ಮಾಡಬ್ಯಾಡ್ರಿ, ನೀವೂ ಅದ ವಿಷಯದ ಮ್ಯಾಲ ಬರೀರಿ. ನಿಮ್ಮ ಮನಿಗೆ ನೀರು ಯಾರು ತಂದ್ರು ಅನ್ನೂದು ಮಕ್ಕಳಿಗೂ ಗೊತ್ತಿಲ್ಲ, ಬಾಳ ಆಸೆಯಿಂದ ಕೇಳ್ತಾರ. ಕಡೀಕ ಇಬ್ಬರು ಮೂವರು ಓದೂದು, ಮನಸ್ಸಿದ್ದವರು ಮಾತ್ರ. ಐದ ಸಾಲು ಅನ್ನೋ ಲೆಕ್ಕ ತಗದಬಿಡ್ರಿ, ಐದ ಅಂದ್ರ ಐದಕ್ಕ ನಿಲ್ಲಸ್ತಾರ, ಹೇಳೂದು ಎಂಟ ಸಾಲಿನಷ್ಟ ಇದ್ರೂ.

ಬರಿಯಾಕ ಬರಲಾರದ ನಾಲ್ಕು ಮಕ್ಕಳು. ಇವರಿಗೆ ಅಕ್ಷರ ಎಲ್ಲಾ ಕಲತಮ್ಯಾಲ ಬರೀಲಿ ಅಂತ ಕಾಯಬ್ಯಾಡ್ರಿ. ನಲಿಕಲಿಯಾಗ (ಸರ್ಕಾರಿ ಸಾಲಿಯ ಸಣ್ಣ ಕ್ಲಾಸಿನ ಆಡತ ಕಲಿಯೋ ಪದ್ಧತಿಯಾಗ) ಅ ಆ ಇ ಈ ಅಂತ ಶುರು ಮಾಡೂದಿಲ್ಲ, ರ ಗ ಸ ದ ಅ ದಿಂದ ಶುರು ಮಾಡ್ತಾರ ಅನ್ನೂದು ನಿಮಗ ಗೊತ್ತಿದ್ದದ್ದ ಐತಿ, ಯಾಕಂದ್ರ ಆ ಐದರಾಗ ಅರಸ, ಅಗಸ, ಗರಗಸ, ಸರ, ಸರದ ದರ, ಇಷ್ಟು ಅರ್ಥ ಇರೋ ಮಾತು ಆಗ್ತಾವ. ಐದ ಅಕ್ಷರ ಬಂದ ಕೂಸು ಬರಿಯೋ ಕೂಸು ಅಂತ ತಿಳೀರಿ. ಅದಕ್ಕಿಂತ ಕಡಿಮಿ ಬರ್ತಿದ್ರ ಚಿತ್ರ ತಗೀಲಿ. ಚಿತ್ರ ತೋರಿಸಿ ಏನಿದು ಅಂತ ಕೇಳ್ರಿ, ಕೂಸು ಹೇಳಿದ್ದನ್ನ ಅದರ ಬಾಯಾಗ ಹೆಂಗ ಬಂತೋ ಹಂಗ ಚಿತ್ರದ ಕೆಳಗ ನೀವು ಬರೀರಿ, ತಿದ್ದಬ್ಯಾಡ್ರಿ. "ನಮ್ಮ ಕೋಳಿ ನಾಯಿಗಿ ಕುಕ್ಕೇತಿ." ಅದನ್ನ ಕೂಸು ಬೆರಳಿಟ್ಟು ಓದ್ತೈತಿ, ತಾನ ಹೇಳಿದ್ದು ಅಂದಮ್ಯಾಲ ಓದಾಕ ಕಷ್ಟ ಆಗೂದಿಲ್ಲ, ಆಮ್ಯಾಲ ಕೆಳಗ ನೋಡಿ ಬರೀತೈತಿ. ನಿಮಗ ಹೊತ್ತ ಸಿಗಲಿಲ್ಲ ಅಂದ್ರ ಐದನೇತ್ತಿಯ ಚಲೋ ಬರಿಯೋ ಹುಡುಗಿನ್ನ ಪಕ್ಕಕ್ಕ ಕೂರಸ್ರಿ, ಹೇಳಿದ್ದನ್ನ ಹಂಗ ಬರಿಬೇಕು ಅಂತ ಹೇಳಿಕೊಡ್ರಿ. ದಿನಾ ಒಂದ ವಾಕ್ಯ, ಬ್ಯಾಸರ ಮಾಡಕೊಳ್ಳದ ಎರಡು ತಿಂಗಳು ನಡಸ್ರಿ.

ತಾಂಡಾದ ಹುಡುಗಿ ಬಗ್ಗೆ ನನಗ ಹೆಚ್ಚು ಕಾಳಜಿ ಅನಸ್ತೈತಿ. ಅಕಿ ಮನ್ಯಾಗ ಲಮಾಣಿ, ಓಣ್ಯಾಗ ನಮ್ಮ ಕನ್ನಡ, ಪುಸ್ತಕದಾಗ ಇನ್ನೊಂದ್ ಕನ್ನಡ, ಮ್ಯಾಲ ಇಂಗ್ಲಿಷ್. ಅವ್ವಗ ಯಾಡಿ ಅನ್ನೋ ಕೂಸಿಗೆ "ನನ್ನ ತಾಯಿ" ಅಂತ ಬರಿ ಅಂದ್ರ ಅದು ಯಾರದೋ ತಾಯಿ ಆಗ್ತೈತಿ. "ಯಾಡಿ" ಅಂತ ಕನ್ನಡ ಅಕ್ಷರದಾಗ ಬರೀಲಿ ಬಿಡ್ರಿ. ಲಮಾಣಿಯಾಗ ರೊಟ್ಟಿಗೆ ಏನಂತಾರ, ಎಮ್ಮಿಗೆ ಏನಂತಾರ ಅಂತ ಅಕಿನ್ನ ಕೇಳ್ರಿ, ಬೋರ್ಡ್ ಮ್ಯಾಲ ಬರಸ್ರಿ, ಉಳಿದ ಮಕ್ಕಳೂ ಬರಕೊಳ್ಳಲಿ. ಒಂದಿನ ಅಕಿ ಕ್ಲಾಸಿಗೆ ಕಲಸಲಿ. ಬೆಳಗಾವಿ ಗಡಿಯಾಗ ಮರಾಠಿ ಮನಿ ಮಕ್ಕಳು, ವಿಜಯಪುರದಾಗ ಉರ್ದು ಮನಿ ಮಕ್ಕಳು, ಅವರಿಗೂ ಇದ ದಾರಿ. ಆ ಹುಡುಗಿ ಮನಿಯವರು ಸುಗ್ಗಿಗೋ ಕಬ್ಬು ಕಡಿಯಾಕೋ ಗುಳೆ ಹೋಗಿ ಬಂದಿದ್ರ ಅಕಿ ನೋಡಿದ ಊರು ನಿಮ್ಮ ಕ್ಲಾಸಿನಾಗ ಯಾರೂ ನೋಡಿಲ್ಲ, ಆದ್ರ ಅದನ್ನ ಎಲ್ಲರ ಮುಂದ ಕೇಳಬ್ಯಾಡ್ರಿ, ನೋಟಬುಕ್ಕಿನ್ಯಾಗ ಕೇಳ್ರಿ.

ಇದರ ಜೋಡಿ ಒಂದು ಎಚ್ಚರ. ಅಪ್ಪ ಇಲ್ಲದ ಮಗಾ ಇದ್ದ ಕ್ಲಾಸಿನಾಗ "ನನ್ನ ಅಪ್ಪ" ಅಂತ ಕೊಡೂದು ಆ ಮಗನ್ನ ಹದಿನೈದು ನಿಮಿಷ ನಿಲ್ಲಿಸಿ ನೋಯಿಸಿದಂಗ. ಯಾವತ್ತೂ "ಇದು ಬ್ಯಾಡಂದ್ರ ನಿನಗ ಬೇಕಾದ್ದು ಬರಿ" ಅಂತ ಇನ್ನೊಂದ್ ದಾರಿ ಇಡ್ರಿ. ಮಕ್ಕಳು ನಿಮ್ಮನ್ನ ನಂಬಿ ಬರ್ಯಾಕ ಶುರು ಮಾಡಿದ್ರ ಒಮ್ಮೊಮ್ಮಿ ಹೊಡೆತದ್ದು, ಕುಡತದ್ದು, ಅದಕ್ಕಿಂತ ಕೆಟ್ಟದ್ದೂ ಬರ್ತೈತಿ. ಅದನ್ನ ಯಾರ ಮುಂದೂ ಓದಿಸಬ್ಯಾಡ್ರಿ, ಸ್ಟಾಫ್ ರೂಮಿನ್ಯಾಗ ಮಾತು ಮಾಡಬ್ಯಾಡ್ರಿ, ಕೂಸಿನ ಜೋಡಿ ಒಬ್ಬರ ಕುಂತು ಮಾತಾಡ್ರಿ, ಕೂಸಿಗೆ ಅಪಾಯ ಐತಿ ಅನಿಸಿದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡ್ರಿ.

ಪಾಲಕರು ತಪ್ಪು ಯಾಕ ತಿದ್ದಿಲ್ಲ ಅಂತ ಕೇಳೂದು ಸಹಜ, ಅವರಿಗೆ ಸಾಲಿ ಅಂದ್ರ ಕೆಂಪು ಮಸಿ. ಅದಕ್ಕ ಶನಿವಾರ ಒಂದ ದಿನ ಬ್ಯಾರೆ ಕೆಲಸ ಇಡ್ರಿ: ವಾರದಾಗ ಬರದದ್ರಾಗ ತನಗ ಸೇರಿದ್ದು ಒಂದನ್ನ ಮಗು ಆರಿಸಿ, ನಿಮ್ಮ ಕೂಡ ಕುಂತು ತಿದ್ದಿ, ಹಾಳ್ಯಾಗ ಚೊಕ್ಕ ಬರಿಯೂದು. ಈಗ ಒತ್ತಕ್ಷರ ತಿದ್ದಿದ್ರ ಮಗು ಬ್ಯಾಸರ ಮಾಡಕೊಳ್ಳೂದಿಲ್ಲ, ಇದು ಗೋಡಿಗೆ ಹಚ್ಚೂದು, ಮಂದಿ ಓದ್ತಾರ ಅನ್ನೂದು ಅದಕ್ಕೂ ಗೊತ್ತಿರ್ತೈತಿ. ಅವನ್ನ ದಾರ ಹಾಕಿ ಪುಸ್ತಕ ಮಾಡ್ರಿ. ಎಸ್‌ಡಿಎಂಸಿ (ಪಾಲಕರು ಇರೋ ಸಾಲಿ ಅಭಿವೃದ್ಧಿ ಸಮಿತಿ) ಸಭೆ ಇದ್ದ ದಿನ ಭಾಷಣ ಬ್ಯಾಡ, ಮಕ್ಕಳ ಕೈಲೆ ಅವರವರ ಹಾಳಿ ಓದಸ್ರಿ. ತನ್ನ ಸಂತಿ ಚೀಲದ ಬಗ್ಗೆ ಮಗಳು ಓದಿದ್ದು ಕೇಳಿದ ತಾಯಿ ಆಮ್ಯಾಲ ಕೆಂಪು ಮಸಿ ಕೇಳೂದಿಲ್ರಿ.

ಸೋಮವಾರದಿಂದ ಶುರು ಮಾಡಾಕ ಒಂದಿಷ್ಟು ಕೊಡ್ತೀನಿ, ನಿಮ್ಮ ಊರಿಗೆ ತಕ್ಕಂಗ ಬದಲ ಮಾಡಕೋರಿ. ನಿಮ್ಮ ಮನ್ಯಾಗ ಎಲ್ಲಾರಕಿಂತ ಮೊದಲ ಯಾರು ಏಳ್ತಾರ, ಎದ್ದ ಕೂಡಲೆ ಏನ್ ಮಾಡ್ತಾರ. ನಿನ್ನ ಮೈಮ್ಯಾಲ ಒಂದು ಗಾಯದ ಕಲಿ ತೋರಸು, ಅದು ಹೆಂಗ ಆತು (ಇದು ಎಂದೂ ಸೋತಿಲ್ಲ, ಪ್ರತಿ ಮೊಣಕಾಲಿಗೂ ಒಂದ್ ಕತಿ ಇರ್ತೈತಿ). ನಿನಗ ಮಾಡಾಕ ಬರೋ ಒಂದು ಕೆಲಸ, ನನಗ ಬರಲಾರದ್ದು, ಹೆಂಗ ಮಾಡೂದು ಹೇಳಿಕೊಡು. ನಿನ್ನೆ ಬಿಸಿಯೂಟದಾಗ ಯಾರ ಪಕ್ಕ ಕುಂತಿದ್ದಿ, ಏನ್ ಮಾತಾಡಿದ್ರಿ. ನಿಮ್ಮ ಓಣ್ಯಾಗಿನ ನಾಯಿ ಯಾರನ್ನ ಕಂಡ್ರ ಬೊಗಳ್ತೈತಿ, ಯಾಕ. ಕಲ್ಪನೆದೂ ಒಂದೆರಡು ಇರಲಿ, ಗೋಳಗುಮ್ಮಟಕ್ಕ ಟ್ರಿಪ್ ಹೋದ ಮಕ್ಕಳಿದ್ರ, ಅಲ್ಲಿ ಮ್ಯಾಲ ನಿಂತು ನೀ ಅಂದದ್ದು ಮತ್ತ ಮತ್ತ ವಾಪಸ್ ಬರ್ತೈತಿ, ಒಂದ ಮಾತು ಅನ್ನಾಕ ಬಿಟ್ರ ಏನ್ ಅಂತಿ. ಪೆನ್ಸಿಲ್ ಮೊಂಡ ಆತು ಅಂತ ಎದ್ದು ಹೋಗಾವರು ಕಡಿಮಿ ಆದ್ರಂದ್ರ ವಿಷಯ ಹತ್ತಿತು ಅಂತ ತಿಳೀರಿ.

ಎರಡ ವಾರ ಆದಮ್ಯಾಲ ಒಂದಿನ ಬೋರ್ಡ್ ಖಾಲಿ ಬಿಡ್ರಿ. ಏನೂ ಹೇಳಬ್ಯಾಡ್ರಿ, ನೀವು ನಿಮ್ಮ ನೋಟಬುಕ್ ತಗದು ಬರ್ಯಾಕ ಕುಂಡ್ರಿ. ಒಂದಿಬ್ಬರು ಶುರು ಮಾಡ್ತಾರ. ಯಾರರ ಎದ್ದು "ಇವತ್ತ ಏನ್ ಬರೀಬೇಕ್ರಿ ಅಕ್ಕೋರ" ಅಂದ್ರ, ನಿನ್ನೆ ಸಾಲಿ ಬಿಟ್ಟಮ್ಯಾಲ ಮನಿ ಮುಟ್ಟೂ ತನಕ ದಾರ್ಯಾಗ ಏನ್ ನೋಡಿದಿ ಅಂತ ಅಷ್ಟ ಕೇಳ್ರಿ.